ಬೀಗ ಹಾಕ್ಕೊಳ್ಳುತ್ತಾ?

ಅಂಗಡಿ ಶಟರ್ ಅರ್ಧ ಇಳಿಸಿಬಿಡಿ. ಒಲೆ ಆರಿಸಿದೀನಿ, ಸಾರು ಇನ್ನೂ ಬಿಸಿ ಇದೆ, ಬೇಕಾದೋರು ಹಾಕ್ಕೊಳ್ಳಿ... ಅದು ಗಾಳಿ. ಗಾಳಿ ಅಷ್ಟೇ. ಈಗಲೇ ಬೆಚ್ಚಿಬಿದ್ರೆ ಹೆಂಗೆ, ನಾನಿನ್ನೂ ಶುರುನೇ ಮಾಡಿಲ್ಲ.

ಇದು ನನ್ನ ಚಿಕ್ಕಪ್ಪನ ಮಗ ಪೋಷುನ್‌ಗೆ ಆಗಿದ್ದು. ಅರ್ಧ ಅವನ ಬಾಯಿಂದ ಕೇಳಿದ್ದು, ಅರ್ಧ ನನ್ನ ಈ ಎರಡು ಕಿವಿಯಿಂದಲೇ ಕೇಳಿದ್ದು. ಏಳನೇ ತಿಂಗಳು, ಸತ್ತೋರು ಊರಿಗೆ ಬರೋ ತಿಂಗಳಲ್ಲಾದ್ರೆ ಎಲ್ಲರಿಗೂ ದೆವ್ವ ಕಾಣುತ್ತೆ, ಅದರಲ್ಲೇನು ದೊಡ್ಡಸ್ತಿಕೆ? ಇದು ಹತ್ತನೇ ತಿಂಗಳು. ಸತ್ತೋರಿಗೆಲ್ಲ ಊಟ ಇಟ್ಟು, ವಾಪಸ್ ಕಳಿಸಿ, ಎರಡು ತಿಂಗಳ ಮೇಲಾಗಿತ್ತು.

ಪೋಷುನ್ ಕೆಲಸ ಮಾಡ್ತಿದ್ದಿದ್ದು ನಮ್ಮ ಷಿನ್‌ಚೂ ಊರಲ್ಲೇ, ಒಂದು ಸಣ್ಣ ಕಂಪನೀಲಿ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಮೊದಲು ಎದ್ದು, ಮಿಕ್ಕಿದ್ದನ್ನೆಲ್ಲ ಎಬ್ಬಿಸುತ್ತಲ್ಲ, ಆಪರೇಟಿಂಗ್ ಸಿಸ್ಟಮ್ ಅಂತ, ಅದನ್ನ ಬರೆಯೋರು. ವಯಸ್ಸಾದೋರು, ಮನೆ ಹೆಂಗಸರು ಕೊಳ್ಳೋ ಅಗ್ಗದ, ಮುಚ್ಚಳ ಮಡಚೋ ಪುಟ್ಟ ಕಂಪ್ಯೂಟರುಗಳಿಗೆ. ಅದರಲ್ಲಿ ಪರದೆಗೆ ಬೀಗ ಹಾಕೋ ಭಾಗ ಪೂರ್ತಿ ಪೋಷುನ್‌ದು. ಪಾಸ್‌ವರ್ಡ್ ಕೇಳೋದು, ಸರಿಯಿದ್ರೆ ಒಳಗೆ ಬಿಡೋದು, ಇಲ್ಲದಿದ್ರೆ ಇಲ್ಲ... ಆ ಬಾಗಿಲು ಕಾಯೋನು ಅವನ ಕೈಯಲ್ಲಿ ಹುಟ್ಟಿದ್ದು.

ಆ ರಾತ್ರಿ ಹನ್ನೊಂದೂವರೆ. ಕೆಲಸ ಮುಗಿಸಿ ನಡ್ಕೊಂಡು ಬರ್ತಿದ್ದ. ಶಾವಿಗೆ ಒಣಹಾಕೋ ಬಯಲು ದಾಟಿದ್ರೆ ಆಲದ ಮರ, ಮರದ ಬುಡದಲ್ಲಿ ಊರು ಕಾಯೋ ಭೂಮಿ ತಾತನ ಗುಡಿ. ನೀವೆಲ್ಲ ದಿನಾ ಓಡಾಡೋ ದಾರಿನೇ. ಬಯಲಲ್ಲಿ ಖಾಲಿ ಬಿದಿರು ತಟ್ಟೆಗಳು ಗಾಳಿಗೆ ಕಿರ್... ಕಿರ್... ಅಂತಿದ್ವು. ಮರದ ಹತ್ರ ಬಂದಾಗ ಆ ಶಬ್ದ ನಿಂತುಹೋಯ್ತಂತೆ. ಗಾಳಿ ನಿಂತಿರಲಿಲ್ಲ. ಅಂಗಿ ಹಾರಾಡ್ತಾನೇ ಇತ್ತು. ಆದ್ರೆ ಶಬ್ದ ಇಲ್ಲ.

ಗುಡಿ ಪಕ್ಕದ ಕಲ್ಲಿನ ಮೇಲೆ ಒಬ್ಬ ಹೆಂಗಸು ಕೂತಿದ್ಲು. ನಲವತ್ತರ ಆಚೀಚೆ. ಅಡುಗೆಮನೆ ಏಪ್ರನ್. ತೊಡೆ ಮೇಲೆ ಏನೋ ಚಪ್ಪಟೆಯಾಗಿದ್ದದ್ದನ್ನ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ಲು.

ಇವನು ದಾಟಿ ಹೋಗಬೇಕು, ಅಷ್ಟರಲ್ಲಿ ಮೆಲ್ಲಗೆ...

"ಸಾರ್... ಬೀಗ ಹಾಕ್ಕೊಳ್ಳುತ್ತಾ?"

"ಹಾಕ್ಕೊಳ್ಳುತ್ತೆ," ಅಂದ ಪೋಷುನ್. "ಗಟ್ಟಿಯಾಗಿದೆ."

ನೋಡಿ, ಯಾವ ಬೀಗ ಅಂತ ಕೇಳಲಿಲ್ಲ. ಯಾರು ನೀವು ಅಂತ ಕೇಳಲಿಲ್ಲ. ನಾಲಿಗೆ ತನ್ನಷ್ಟಕ್ಕೆ ಅಂದುಬಿಡ್ತು. ನಾಲ್ಕು ಹೆಜ್ಜೆ ಹೋದ ಮೇಲೆ ನಿಂತುಬಿಟ್ಟ. ಆ ದನಿ ಅವನಿಗೆ ಗೊತ್ತಿತ್ತು. ತಿರುಗಿ ನೋಡಿದ್ರೆ ಕಲ್ಲು ಖಾಲಿ. ಒಂದೇ ಒಂದು ಶಬ್ದ... ಟಕ್. ಕಂಪ್ಯೂಟರಿನ ಮುಚ್ಚಳ ಮುಚ್ಚಿಕೊಂಡ ಹಾಗೆ. ಆಮೇಲೆ ತಟ್ಟೆಗಳೆಲ್ಲ ಒಟ್ಟಿಗೆ ಕಿರ್ರ್ ಅಂತ ಶುರುವಾದ್ವು.

ಸೀದಾ ನನ್ನ ಅಂಗಡಿಗೇ ಓಡಿಬಂದ. ನಾನು ಮಾಂಸದುಂಡೆ ಪಾತ್ರೆ ಉಜ್ಜುತಾ ಇದ್ದೆ.

"ಏನೋ, ಹಿಂಗ್ಯಾಕೆ ಬೆವರಿದೀಯ ಈ ಚಳೀಲಿ? ಯಾರಾದ್ರೂ ಹುಡುಗಿ ಓಡಿಸ್ಕೊಂಡು ಬಂದ್ಲಾ?"

ನಗಲಿಲ್ಲ. ಸ್ಟೂಲ್ ಮೇಲೆ ಕೂತು, ಬಾಗಿಲ ಕಡೆ ನೋಡ್ತಾ, ಪಿಸುಗುಟ್ಟಿದ. "ಅಕ್ಕ... ನಾನೊಂದು ಸುಳ್ಳು ಹೇಳಿದೀನಿ."

ಅವತ್ತು ಅವನು ಹೇಳಿದ್ದು ಇಷ್ಟು.

ಐದು ತಿಂಗಳ ಹಿಂದೆ ಅವನ ಕಂಪನೀಲಿ ಫಾನ್ ಅಕ್ಕ ಅನ್ನೋರು ಒಂದು ದೋಷ ಹಿಡಿದಿದ್ರು. ಫಾನ್ ಅಕ್ಕನ ಕೆಲಸವೇ ಅದು, ಬೇರೆಯೋರು ಬರೆದದ್ದನ್ನ ಕೆಡಿಸಿ ನೋಡೋದು. ಐವತ್ತು ದಾಟಿದ, ಹಕ್ಕಾ ಜನಾಂಗದ ಹೆಂಗಸು, ಬಾಯಿ ಅಂದ್ರೆ ಮೆಣಸಿನಕಾಯಿ. ಬೀಗ ಹಾಕಿದ ಕಂಪ್ಯೂಟರಿನ ಮುಚ್ಚಳ ಮುಚ್ಚಬೇಕು. ಹೊರಗಿನದೊಂದು ಕೀಬೋರ್ಡಿನ ತಂತಿ ಚುಚ್ಚಬೇಕು. ಮುಚ್ಚಳ ಎತ್ತೋ ಹೊತ್ತಿಗೆ ಸರಿಯಾಗಿ ಒಂದು ಗುಂಡಿ ಒತ್ತಿ ಹಿಡೀಬೇಕು. ಅಷ್ಟೇ. ಬೀಗದ ಪರದೆ ಒಂದು ಸಲ ಮಿಟುಕಿ ಬಿದ್ದುಹೋಗುತ್ತೆ, ಒಳಗಿರೋದೆಲ್ಲ ಹಾಸಿಟ್ಟ ಹಾಸಿಗೆ. ಪಾಸ್‌ವರ್ಡ್ ಬೇಡ, ಏನೂ ಬೇಡ.

ತಪ್ಪು ಪೋಷುನ್‌ದು. ಅವನು ಬರೆದ ಸಾಲುಗಳಲ್ಲೇ ಇತ್ತು. ಮುಂದಿನ ತಿಂಗಳು ಅವನನ್ನ ತಂಡದ ಮುಖ್ಯಸ್ಥ ಮಾಡೋರಿದ್ರು. ಅಂಥ ಹೊತ್ತಲ್ಲಿ ಎಲ್ಲರೆದುರು ಈ ಹುಳುಕು...

"ಯಂತ್ರದ ಮುಂದೆ ಕೂತೋನು ಮಾತ್ರ ಮಾಡಬಲ್ಲ ಫಾನ್ ಅಕ್ಕ," ಅಂದನಂತೆ. "ದೂರದ ಕಳ್ಳನ ಕೈಲಿ ಆಗೋ ಕೆಲಸ ಅಲ್ಲ. ಆತುರ ಇಲ್ಲ ಬಿಡಿ."

"ಮನೇಲಿ ಯಂತ್ರದ ಮುಂದೆ ಕೂರೋರು ಯಾರಪ್ಪ? ಕಳ್ಳರಾ?"

"ಗಂಡ ಹೆಂಡತಿಯ ಕಾಗದ ಓದಿದ್ರೆ ಅದನ್ನ ಸಂಸಾರ ಅಂತಾರೆ. ದೋಷ ಅನ್ನಲ್ಲ."

ಸುತ್ತ ಕೂತಿದ್ದೋರೆಲ್ಲ ನಕ್ಕರಂತೆ. ಫಾನ್ ಅಕ್ಕ ನಗಲಿಲ್ಲ. "ರಿಪೇರಿ ಅಂಗಡಿಯೋರು ಆಗಲೇ ಇದನ್ನ ಒಬ್ಬರಿಗೊಬ್ರು ತೋರಿಸ್ಕೊಳ್ತಿದಾರೆ. ನೀನು ಬರೆದಿಡು ಆತುರ ಇಲ್ಲ ಅಂತ. ನಿನ್ನ ಹೆಸರಲ್ಲೇ ಬರೆದಿಡು." ಬರೆದಿಟ್ಟ. ಮುಖ್ಯಸ್ಥನೂ ಆದ. ಆ ದೋಷ ಪಟ್ಟೀಲಿ ಕೆಳಗೆ ಕೆಳಗೆ ಜಾರಿ ಹೋಯ್ತು.

ಸಣ್ಣ ಕಂಪನಿ ಅಲ್ವಾ, ಕೊಂಡೋರ ಫೋನಿಗೆ ಉತ್ತರ ಕೊಡೋಕೆ ಎಲ್ಲರಿಗೂ ಪಾಳಿ. ಹತ್ತು ದಿನದ ಹಿಂದೆ ಪೋಷುನ್ ಪಾಳಿ. ಮಧ್ಯಾಹ್ನ ಒಬ್ಬ ಹೆಂಗಸು ಫೋನ್ ಮಾಡಿದ್ಲು. ಹೆಸರು ವೆಂಗ್ ಯೂಲಾನ್. ಹಿಂದೆ ಎಣ್ಣೆ ಚುರ್ರ್ ಅನ್ನೋ ಶಬ್ದ, ಊಟದ ಡಬ್ಬಿ ಅಂಗಡೀಲಿ ಕೆಲಸ ಅವಳದು.

"ಸಾರ್, ಇದು ಬೀಗ ಹಾಕ್ಕೊಳ್ಳುತ್ತಾ?"

"ಹಾಕ್ಕೊಳ್ಳುತ್ತೆ."

"ನಾನಿಲ್ಲದಾಗ ಯಾರಾದ್ರೂ ತೆಗೀಬಹುದಾ?"

"ಯಾರು?"

ಸ್ವಲ್ಪ ಹೊತ್ತು ಎಣ್ಣೆ ಶಬ್ದ ಮಾತ್ರ. "...ಮನೆಯೋರು."

ಆಗ ಪೋಷುನ್‌ಗೆ ಫಾನ್ ಅಕ್ಕನ ಮುಖ ಕಣ್ಮುಂದೆ ಬಂತಂತೆ. ಒಂದು ಕ್ಷಣ. ಹೇಳಬಹುದಿತ್ತು. ಇನ್ನೊಂದು ವಾರ ತಡೀರಿ, ಗುಟ್ಟಿನದ್ದೇನೂ ಇದರಲ್ಲಿ ಬರೀಬೇಡಿ... ಅಷ್ಟು ಹೇಳೋಕೆ ಒಂದು ಉಸಿರು ಸಾಕಿತ್ತು.

"ನಿಮ್ಮ ಪಾಸ್‌ವರ್ಡ್ ಇಲ್ಲದೆ ಯಾರ ಕೈಲೂ ಆಗಲ್ಲಮ್ಮ. ಗಟ್ಟಿಯಾಗಿದೆ."

"ನಿಜವಾಗ್ಲೂ?"

"ಅದನ್ನ ಬರೆದೋನೇ ನಾನು."

ಅವಳು ನಕ್ಕಳಂತೆ. ತುಂಬಾ ದಿನ ನಗದೇ ಇದ್ದೋರು ನಗ್ತಾರಲ್ಲ, ಹಾಗೆ. "ಹಂಗಾದ್ರೆ ಧೈರ್ಯವಾಗಿ ಬರೀತೀನಿ, ಸಾರ್."

ಇದನ್ನ ಹೇಳಿ ಪೋಷುನ್ ತಲೆ ತಗ್ಗಿಸಿ ಕೂತ. ನಾನು ಬಿಸಿ ಸಾರು ಮುಂದಿಟ್ಟೆ, ಮುಟ್ಟಲಿಲ್ಲ.

"ಈಗ ಮರದ ಕೆಳಗೆ ಕೇಳಿದ್ದೂ ಅದೇ ದನಿ ಅಕ್ಕ."

"ನಮ್ಮ ಊರಿಗೆ ಬಂದಿರಬಹುದು ಕಣೋ. ನಾಳೆ ಫೋನ್ ಮಾಡಿ ವಿಚಾರಿಸು."

ಮಾಡಿದ. ಎತ್ತಿದ್ದು ಗಂಡಸು.

"ಯೂಲಾನ್ ಅವರಿದಾರಾ? ಕಂಪ್ಯೂಟರ್ ಕಂಪನಿಯಿಂದ..."

"ಇಲ್ಲ. ತೀರ್ಕೊಂಡ್ಲು. ಮೆಟ್ಟಿಲ ಮೇಲಿಂದ ಬಿದ್ದು."

ಯಾವತ್ತು ಅಂತ ಹೇಗೋ ಕೇಳಿದ. ಅವನು ದಿನ ಹೇಳಿದ. ಅವಳು ಕಂಪನಿಗೆ ಫೋನ್ ಮಾಡಿದ ಮೂರನೇ ದಿನ. ಪೋಷುನ್ ಬೆರಳು ಮಡಚಿ ಎಣಿಸಿದ... ಅವಳನ್ನ ಮರದ ಕೆಳಗೆ ಕಂಡ ರಾತ್ರಿ, ಸತ್ತ ಏಳನೇ ರಾತ್ರಿ.

ಸತ್ತೋರು ಏಳನೇ ರಾತ್ರಿ ಮನೆಗೆ ಬರ್ತಾರೆ, ಅಲ್ವಾ? ಅದಕ್ಕೇ ದೀಪ ಇಡ್ತೀವಿ, ಊಟ ಇಡ್ತೀವಿ. ಅವಳು ಆ ಮನೆಗೆ ಹೋಗಲಿಲ್ಲ. ಯಾಕೆ ಹೋಗ್ತಾಳೆ ಹೇಳಿ.

ಪೋಷುನ್ ಫೋನ್ ಇಡೋ ಮೊದಲು ಆ ಗಂಡಸು ಇನ್ನೊಂದು ಮಾತಂದ. ಸಾಮಾನ್ಯವಾಗಿ, ತರಕಾರಿ ಬಗ್ಗೆ ಹೇಳೋ ಹಾಗೆ. "ನಿಮ್ಮದು ಒಳ್ಳೇ ಯಂತ್ರ ರೀ. ಸುಲಭ."

ಆ ದಿನವೇ ಪೋಷುನ್ ಹುಳುಕು ಸರಿಮಾಡೋಕೆ ಕೂತ. ಊಟ ಇಲ್ಲ, ನಿದ್ದೆ ಇಲ್ಲ, ಎರಡು ದಿನದಲ್ಲಿ ಮಾರಿದ ಯಂತ್ರಕ್ಕೆಲ್ಲ ತಿದ್ದುಪಡಿ ಹೋಯ್ತು. ಹನ್ನೊಂದು ಸಾಲು ಬದಲಾಯಿಸಬೇಕಿತ್ತಂತೆ, ಅಷ್ಟೇ. ಐದು ತಿಂಗಳು ಕೂತಿತ್ತಲ್ಲ, ಹನ್ನೊಂದು ಸಾಲು.

ಸರಿಮಾಡಿದ್ರೆ ಬಿಡ್ತಾಳೆ ಅಂದುಕೊಂಡಿದ್ದ.

ತಿದ್ದುಪಡಿ ಹೋದ ರಾತ್ರಿ ಮಲಗೋ ಮುಂಚೆ ಬಾಗಿಲ ಚಿಲಕ ಹಾಕಿದ. ಎರಡು ಗಂಟೆ ಹೊತ್ತಿಗೆ ಎಚ್ಚರ ಆಯ್ತು. ಕಟ್... ಚಿಲಕ ಸರಿದ ಸದ್ದು. ಹೊರಗಿಂದಲ್ಲ, ಒಳಗಿಂದ. ಎದ್ದು ನೋಡಿದ್ರೆ ಬಾಗಿಲು ನಾಲ್ಕು ಬೆರಳು ತೆರೆದಿದೆ. ಮೇಜಿನ ಮೇಲೆ ಅವನ ಕಂಪ್ಯೂಟರ್, ಬೀಗ ಹಾಕಿ ಮಲಗಿದ್ದದ್ದು, ಪರದೆ ತೆರೆದುಕೊಂಡು ಬೆಳಗ್ತಾ ಇದೆ. ಯಾವ ತಂತೀನೂ ಚುಚ್ಚಿಲ್ಲ.

ಎರಡನೇ ರಾತ್ರೀನೂ ಹಾಗೇ. ಮೂರನೇ ದಿನ ಬೀಗದೋನನ್ನ ಕರೆಸಿದ. ಆ ಮುದುಕ ಚಿಲಕ ಹತ್ತು ಸಲ ಎಳೆದು ತಳ್ಳಿ ನೋಡಿ, "ಇದಕ್ಕೇನಾಗಿದೆ? ನನ್ನ ಹಲ್ಲಿಗಿಂತ ಗಟ್ಟಿ ಇದೆ. ರಾತ್ರಿ ನಿದ್ದೇಲಿ ನೀನೇ ತೆಗೀತಿದೀಯ ನೋಡು, ಕುಡಿಯೋದು ಕಮ್ಮಿ ಮಾಡು," ಅಂದು ಹೋದ.

ನಾಲ್ಕನೇ ರಾತ್ರಿ ನಾನೇ ಹೋಗಿ ಅವನ ಮನೇಲಿ ಕೂತೆ. ನಾನು ಹೆದರೋಳಲ್ಲ. ಹಂದಿ ಮಾಂಸ ಕುಟ್ಟಿ ಕುಟ್ಟಿ ಬೆಳೆದ ಕೈ ಇದು. ಚಿಲಕ ನಾನೇ ಹಾಕಿದೆ. ಅದರ ಮುಂದೆ ಕುರ್ಚಿ ಎಳೆದು ಇಟ್ಟೆ. ದೀಪ ಆರಿಸಿ ಇಬ್ಬರೂ ಗೋಡೆಗೆ ಒರಗಿ ಕೂತ್ವಿ.

ಹನ್ನೆರಡು. ಒಂದು. ಫ್ರಿಡ್ಜ್ ಗುಂಯ್ ಅಂತಿತ್ತು. ಎರಡಕ್ಕೆ ಅದೂ ನಿಂತಿತು.

ಟಪ್...

ಗುಂಡಿಯ ಸದ್ದು. ಕಂಪ್ಯೂಟರಿನ ಗುಂಡಿಯನ್ನ ಒಂದೇ ಒಂದು ಸಲ ಒತ್ತಿದ ಹಾಗೆ. ಒತ್ತಿ, ಬಿಡದೇ ಹಿಡಿದ ಹಾಗೆ.

ಪರದೆ ಬೆಳಕಾಯ್ತು. ಆ ಬೆಳಕಲ್ಲಿ ನೋಡ್ತಾ ಇದ್ದ ಹಾಗೇ ಚಿಲಕ ಸರೀತು. ಕಟ್. ನನ್ನ ಕುರ್ಚಿ ಹಿಂದಕ್ಕೆ ಜಾರಿತು, ನೆಲದ ಮೇಲೆ ಸರ್ರ್ ಅಂತ, ನಿಧಾನಕ್ಕೆ, ಮಲಗಿದ ಮಗೂನ ಪಕ್ಕಕ್ಕೆ ಸರಿಸ್ತಾರಲ್ಲ ಹಾಗೆ. ಬಾಗಿಲು ತೆರೀತು. ಆಚೆ ಯಾರೂ ಇಲ್ಲ. ಹುರಿದ ಬೆಳ್ಳುಳ್ಳಿ ವಾಸನೆ ಮಾತ್ರ.

"ಸಾರ್..."

ನನ್ನ ಕಿವಿಗೂ ಬಿತ್ತು. ಆಣೆ ಮಾಡಿ ಹೇಳ್ತೀನಿ, ನನ್ನ ಕಿವಿಗೂ ಬಿತ್ತು. ಸಿಟ್ಟಿನ ದನಿ ಅಲ್ಲ ಅದು. ಹೆದರಿಸೋ ದನೀನೂ ಅಲ್ಲ. ಅಂಗಡೀಲಿ ನಾವು ಬೆಲೆ ಕೇಳ್ತೀವಲ್ಲ, ಅಷ್ಟೇ ಸಾಧಾರಣ.

"ಸಾರ್... ಬೀಗ ಹಾಕ್ಕೊಳ್ಳುತ್ತಾ?"

ಪೋಷುನ್ ನನ್ನ ಕೈ ಹಿಡ್ಕೊಂಡ. "ಈಗ ಹಾಕ್ಕೊಳ್ಳುತ್ತೆ," ಅಂದ. "ಈಗ ಸರಿಮಾಡಿದೀನಿ, ಈಗ..."

ಬಾಗಿಲು ಇನ್ನೊಂದು ಚೂರು ತೆರೀತು.

"ಲೋ," ಅಂದೆ ನಾನು, ಅವನ ಕಿವೀಲಿ. "ಈಗಿನದ್ದು ಕೇಳ್ತಿಲ್ಲ ಕಣೋ ಅವಳು. ಅವತ್ತಿನದ್ದು ಕೇಳ್ತಿದಾಳೆ."

ಅವನು ನನ್ನ ಕೈ ಬಿಟ್ಟು ಬಾಗಿಲ ಕಡೆ ತಿರುಗಿದ. ಆಮೇಲೆ ಬಾಯಿ ತೆರೆದ. "ಇಲ್ಲ," ಅಂದ. "ಹಾಕ್ಕೊಳ್ತಿರಲಿಲ್ಲ."

ಬಾಗಿಲಾಚೆಯಿಂದ ಮತ್ತೆ ಆ ದನಿ.

"...ಗೊತ್ತಿತ್ತಾ?"

"ಗೊತ್ತಿತ್ತು."

ಅಷ್ಟೇ. ಅಳು ಇಲ್ಲ, ಕಿರುಚಾಟ ಇಲ್ಲ. ಒಂದು ಉಸಿರು ಹೊರಗೆ ಹೋದ ಹಾಗಾಯ್ತು. ಫ್ರಿಡ್ಜ್ ಮತ್ತೆ ಗುಂಯ್ ಅಂತು. ಪೋಷುನ್ ಹಾಗೇ ನೆಲಕ್ಕೆ ಬಗ್ಗಿ ಹಣೆ ಇಟ್ಟ. ನಾನು ಬಾಗಿಲು ಹಾಕೋಕೆ ಹೋಗಲಿಲ್ಲ. ಧೈರ್ಯ ಬರಲಿಲ್ಲ ಅನ್ನಿ.

ಬೆಳಗ್ಗೆ ಅವನ ಮುಖ ಕೊಂಚ ಹಗುರಾಗಿತ್ತು. ಅದನ್ನ ನೋಡಿ ನನಗೆ ಸಿಟ್ಟು ಬಂತು.

"ಸತ್ತೋಳಿಗೆ ಹೇಳಿ ಮುಗಿಸಿಬಿಟ್ಯಾ? ಅದು ಸುಲಭ. ಬದುಕಿರೋರಿಗೆ ಹೇಳು."

"ಕೆಲಸ ಹೋಗುತ್ತೆ ಅಕ್ಕ."

"ಅವಳದ್ದೇನು ಹೋಯ್ತು?"

ಎದ್ದು ಮುಖ ತೊಳ್ಕೊಂಡ.

ಮೊದಲು ಫಾನ್ ಅಕ್ಕನ ಹತ್ರ ಹೋದ. ಐದು ತಿಂಗಳ ಹಿಂದೆ ಅವರು ಬರೆದಿದ್ದ ವರದಿ, ಕೆಳಗೆ ಅವನ ಹೆಸರಲ್ಲಿ 'ಆತುರವಿಲ್ಲ' ಅಂತಿದ್ದದ್ದು, ಅದರ ಪ್ರತಿ ಬೇಕು ಅಂದ. ಫಾನ್ ಅಕ್ಕ ಕೊಟ್ಟರು. ಸಮಾಧಾನದ ಒಂದು ಮಾತೂ ಆಡಲಿಲ್ಲ. "ಈಗ ಬಂದ್ಯಾ," ಅಂದರಷ್ಟೇ. ಆಮೇಲೆ ಅವನು ಬಾಗಿಲ ಹತ್ರ ಹೋದಾಗ ಹಿಂದಿನಿಂದ, "ನಾನೂ ಸುಮ್ಮನಾಗಬಾರದಿತ್ತು. ಎರಡನೇ ಸಲ ಕೂಗಾಡಬೇಕಿತ್ತು," ಅಂದರಂತೆ. ಆ ಮೆಣಸಿನಕಾಯಿ ಬಾಯಿಂದ ಅಂಥ ಮಾತು ಯಾರೂ ಕೇಳಿರಲಿಲ್ಲ.

ಯೂಲಾನ್ ಊರಿನ ಠಾಣೆಗೆ ನನ್ನ ಸ್ಕೂಟರಲ್ಲೇ ಹೋದ್ವಿ. ನಾನು ಒಳಗೆ ಹೋಗಲಿಲ್ಲ. ಗೇಟಿನ ಹೊರಗೆ ಸ್ಕೂಟರ್ ಮೇಲೆ ಕೂತೆ. ಇದು ಅವನು ಒಬ್ಬನೇ ಹೇಳಬೇಕಾದ ಮಾತು.

ಫೋನ್ ಎತ್ತಿದ್ನಲ್ಲ, ಅವಳ ಗಂಡ, ಪೊಲೀಸರಿಗೆ ಏನಂದಿದ್ದ ಗೊತ್ತಾ? ಅವಳು ಮನೆ ಬಿಟ್ಟು ಹೋಗೋ ವಿಷಯವೇ ನನಗೆ ಗೊತ್ತಿರಲಿಲ್ಲ, ಜಗಳಕ್ಕೆ ಕಾರಣವೇ ಇರಲಿಲ್ಲ, ಕಾಲು ಜಾರಿತು. ಅವರೂ ಹಾಗೇ ಬರ್ಕೊಂಡಿದ್ರು. ಪೋಷುನ್ ಅವರಿಗೆ ಯಂತ್ರದ ಒಳಗೆ ಎಲ್ಲಿ ನೋಡಬೇಕು ಅಂತ ಹೇಳಿಕೊಟ್ಟ. ಮುಚ್ಚಳ ಯಾವಾಗ ಎತ್ತಿದ್ರು, ಕೀಬೋರ್ಡ್ ಯಾವಾಗ ಚುಚ್ಚಿದ್ರು, ಎಲ್ಲ ಅದು ಬರೆದಿಟ್ಕೊಂಡಿರುತ್ತೆ. ಮೂರು ದಿನ ಸತತವಾಗಿ, ಮಧ್ಯಾಹ್ನ, ಅವಳು ಡಬ್ಬಿ ಅಂಗಡೀಲಿ ಎಣ್ಣೆ ಮುಂದೆ ನಿಂತಿದ್ದ ಹೊತ್ತಲ್ಲಿ, ಪಾಸ್‌ವರ್ಡ್ ಇಲ್ಲದೆ ಆ ಯಂತ್ರ ತೆರೆದಿತ್ತು. ತೆರೆದದ್ದು ಒಂದೇ ಜಾಗ. ತೈತುಂಗ್‌ನಲ್ಲಿರೋ ತನ್ನ ಅಕ್ಕನಿಗೆ ಅವಳು ಬರೀತಿದ್ದ ಕಾಗದಗಳು. ಯಾವ ದಿನ ಹೊರಡ್ತೀನಿ, ಯಾವ ರೈಲು, ಯಾವ ಚೀಲ ಎಲ್ಲಿ ಬಚ್ಚಿಟ್ಟಿದೀನಿ... ಎಲ್ಲ. ಧೈರ್ಯವಾಗಿ ಬರೆದಿದ್ಲು.

ಗಂಡನನ್ನ ಮತ್ತೆ ಕರೆಸಿದ್ರು. ಮೊದಲು ಇಲ್ಲ ಅಂದ, ಆಮೇಲೆ ಓದಿದ್ದು ಹೌದು, ರಿಪೇರಿ ಅಂಗಡಿಯೋನು ತೋರಿಸಿಕೊಟ್ಟಿದ್ದ ಅಂದ, ಆಮೇಲೆ ಮೆಟ್ಟಿಲ ಮೇಲೆ ಮಾತಿಗೆ ಮಾತು ಬೆಳೀತು, ಕೈ ತಾಗಿತು ಅಂದ. ತಾಗಿತೋ, ತಳ್ಳಿದನೋ, ಅದು ಅವನಿಗೂ ಆ ಮೆಟ್ಟಿಲಿಗೂ ಗೊತ್ತು. ಈಗ ಒಳಗಿದಾನೆ.

ಪೋಷುನ್ ಕೆಲಸ ಹೋಯ್ತು. ಮೆಟ್ಟಿಲಿಂದ ಬಿದ್ದೋರಿಗೂ ನಮಗೂ ಏನು ಸಂಬಂಧ ಅಂದ ಕಂಪನಿ ಮಾಲೀಕ. ಅವನು ವಾದ ಮಾಡಲಿಲ್ಲ. ತನ್ನ ಹೆಸರು ಹಾಕಿ, ಹುಳುಕು ಏನು, ಎಷ್ಟು ದಿನ ಮುಚ್ಚಿಟ್ಟೆ, ಎಲ್ಲ ಬರೆದು ಪ್ರಕಟ ಮಾಡಿದ. ಅದರ ಕೆಳಗೆ ಜನ ಬೈದದ್ದನ್ನೆಲ್ಲ ಕೂತು ಒಂದೊಂದಾಗಿ ಓದ್ತಾನೆ ಈಗಲೂ. ಬೇಡ ಕಣೋ ಅಂದ್ರೂ ಕೇಳಲ್ಲ. ಸಮಾಧಿ ಗುಡಿಸೋ ಹಬ್ಬಕ್ಕೆ ಪ್ರತಿ ವರ್ಷ ತೈತುಂಗ್‌ಗೆ, ಯೂಲಾನ್‌ಳ ಅಕ್ಕನ ಮನೆಗೆ ಹೋಗ್ತಾನೆ. ಆ ಅಕ್ಕ ಗೇಟ್ ತೆಗಿಯಲ್ಲ. ಹೋಗು ಅಂತಾನೂ ಅನ್ನಲ್ಲ. ಕಿಟಕೀಲಿ ನಿಂತು ನೋಡ್ತಾಳೆ. ಇವನು ಸೀತಾಫಲದ ಚೀಲ ಗೇಟಿನ ಹತ್ರ ಇಟ್ಟು, ಬಗ್ಗಿ ನಮಸ್ಕಾರ ಮಾಡಿ, ಬಸ್ ಹತ್ತಿ ಬರ್ತಾನೆ. ಆ ಹಣ್ಣು ತಿಂತಾಳೋ ಬಿಸಾಡ್ತಾಳೋ ಯಾರಿಗೂ ಗೊತ್ತಿಲ್ಲ.

ಹಾಂ... ಠಾಣೇದೊಂದು ಹೇಳೋದು ಬಿಟ್ಟೆ. ಇಲ್ಲ, ಬಿಟ್ಟಿದ್ದಲ್ಲ. ಕೊನೆಗೆ ಹೇಳೋಣ ಅಂತ ಇಟ್ಕೊಂಡಿದ್ದೆ.

ಅವತ್ತು ಪೋಷುನ್ ಎರಡು ಗಂಟೆ ಹೊತ್ತು ಹೇಳಿಕೆ ಕೊಟ್ಟ. ಒಬ್ಬರೇ ಅಧಿಕಾರಿ, ಬಕ್ಕ ತಲೆ, ಸಮಾಧಾನದ ಮನುಷ್ಯ. ಎಲ್ಲ ಟೈಪ್ ಮಾಡಿ, ಹಾಳೆ ತೆಗೆದು, ಕೆಂಪು ಮಸಿಯ ಡಬ್ಬಿ ಮುಂದಿಟ್ಟು, "ಓದಿ ಹೆಬ್ಬೆಟ್ಟು ಒತ್ತಿ," ಅಂದು ನೀರು ಕುಡಿಯೋಕೆ ಎದ್ದು ಹೋದರು. ಪೋಷುನ್ ಓದ್ತಾ ಇದ್ದ. ಕೊನೇ ಪುಟ ತಿರುಗಿಸಿದ. ತನ್ನ ಹೆಸರಿನ ಎದುರು ಒತ್ತಿದ. ಅಷ್ಟರಲ್ಲಿ ಅವರು ಬಂದು ನೋಡಿ, "ಓ, ನಿಮ್ಮ ಜೊತೆ ಬಂದೋರೂ ಒತ್ತಿದ್ರಾ? ಅವರದ್ದು ಬೇಕಿರಲಿಲ್ಲ," ಅಂದರು.

ಅವನ ಗುರುತಿನ ಕೆಳಗೆ ಇನ್ನೊಂದು ಗುರುತು. ಚಿಕ್ಕದು. ಹೆಂಗಸಿನ ಹೆಬ್ಬೆಟ್ಟು.

"ಒಳಗೆ ನಾನೊಬ್ಬನೇ ಬಂದಿರೋದು," ಅಂದ ಪೋಷುನ್.

ಆ ಅಧಿಕಾರಿ ಹಾಳೆ ಹಿಡ್ಕೊಂಡೇ ಗೇಟಿನ ಹತ್ರ ನನ್ನ ಸ್ಕೂಟರ್ ತನಕ ಬಂದರು. "ಅಮ್ಮ, ನೀವೇನಾದ್ರೂ ಒಳಗೆ ಬಂದಿದ್ರಾ? ಕೈ ತೋರಿಸಿ." ತೋರಿಸಿದೆ. ಎರಡೂ ಕೈ, ಹತ್ತೂ ಬೆರಳು. ಹಿಟ್ಟು ಮೆತ್ತಿತ್ತು, ಕೆಂಪು ಇರಲಿಲ್ಲ. ಅವರು ನನ್ನ ಕೈ ನೋಡಿದ್ರು, ಹಾಳೆ ನೋಡಿದ್ರು. ಗಾಳಿಗೆ ಹಾಳೆ ಪಟಪಟ ಅಂತಿತ್ತು. ನಾನು ಬಗ್ಗಿ ಹತ್ತಿರದಿಂದ ನೋಡಿದೆ. ಪೋಷುನ್‌ದು ಆಗಲೇ ಒಣಗಿತ್ತು. ಕೆಳಗಿನದ್ದು ಇನ್ನೂ ಹಸಿ.

ಅವರು ಹಾಳೆ ಬದಲಾಯಿಸಲಿಲ್ಲ. ಮಡಚದೆ ಕಡತಕ್ಕೆ ಸೇರಿಸಿದ್ರು. ನಾನು ಕಣ್ಣಾರೆ ಕಂಡಿದ್ದು ಇದು. ಈಗಲೂ ಇದೆ ಅದು ಅಲ್ಲಿ.